ತಳವಾರಘಟ್ಟದ ದಂಡೆಯಿಂದ ಒಂದು ಕೋರಿಕೆ

ಹೊಸಪೇಟೆ, ಕಮಲಾಪುರ, ಆನೆಗೊಂದಿ, ಗಂಗಾವತಿಯ ಬಂಧುಗಳೇ, ಹಂಪಿ ನಮ್ಮದು ಎಂದು ಎದೆ ತಟ್ಟಿ ಹೇಳುವ ಎಲ್ಲರೇ,

ಹಂಪಿ ಮಗ್ಗುಲಿನ ತಳವಾರಘಟ್ಟದಲ್ಲಿ, ಆನೆಗೊಂದಿಯತ್ತ ಹೊಳೆ ದಾಟಲು ಹರಿಗೋಲು ಹತ್ತಿದವರಿಗೆ ಅದರ ಗತ್ತು ಗೊತ್ತು. ಮೊದಲು ಬೈಕು ಏರಬೇಕು. ಇಬ್ಬರು ಹಿಡಿದೆತ್ತಿ ಅದನ್ನು ನಡುಮಧ್ಯೆ ನಿಲ್ಲಿಸುತ್ತಾರೆ. ಸುತ್ತ ಹುಲ್ಲಿನ ಹೊರೆ, ಬಾಳೆಗೊನೆ, ಪಾಟಿಚೀಲದ ಮಕ್ಕಳು. ಅಂಬಿಗ ‘ಅಲುಗಾಡಬ್ಯಾಡ್ರಿ’ ಅಂದಮೇಲೆ ಮುಗಿಯಿತು, ಕೆಮ್ಮು ಬಂದರೂ ತಡೆದುಕೊಳ್ಳಬೇಕು. ಬುಟ್ಟಿ ಒಂದು ಸುತ್ತು ತಿರುಗಿ ಆಚೆ ದಂಡೆಯತ್ತ ಮುಖ ಮಾಡುತ್ತದೆ. ಹಾಗೆ ಎಷ್ಟು ಸಲ ದಾಟಿದೆನೋ ಲೆಕ್ಕವಿಟ್ಟಿಲ್ಲ. ಪ್ರವಾಸಿಗರಿಗೆ ಅದು ಮೋಜು. ಹೊಳೆ ಕೆಂಪಾಗಿ ಉಕ್ಕುವ ದಿನಗಳಲ್ಲಿ ಹೆರಿಗೆ ನೋವಿನ ಹೆಂಗಸನ್ನು ದಾಟಿಸಬೇಕಾಗಿದ್ದವರಿಗೆ ಅಲ್ಲ.

ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಸೇತುವೆ ಬೇಕು ಎಂದವರು ಸ್ಮಾರಕಗಳ ವೈರಿಗಳಾಗಿರಲಿಲ್ಲ. ವಿಜಯನಗರದವರೇ ಇಲ್ಲಿ ಸೇತುವೆ ಕಟ್ಟಿದ್ದರು. ಪುರಂದರ ಮಂಟಪದ ಬಳಿ ನಿಂತು ನೋಡಿ, ಅದರ ಕಲ್ಲುಗಂಬಗಳು ಇಂದಿಗೂ ನೀರಿನಲ್ಲಿ ಸಾಲಾಗಿ ನಿಂತಿವೆ. ಸೇತುವೆ ಬೇಕೋ ಬೇಡವೋ ಎಂಬುದು ಜಗಳವೇ ಅಲ್ಲ. ಎಲ್ಲಿ, ಎಷ್ಟು ಭಾರಕ್ಕೆ, ಯಾರನ್ನು ಕೇಳಿ ಎಂಬುದು ಜಗಳ.

ಆಗಿದ್ದನ್ನು ನೆನಪಿಸುತ್ತೇನೆ. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಮುಂದಿನ ದಶಕದಲ್ಲಿ ಎರಡು ತೂಗುಸೇತುವೆಗಳ ಕೆಲಸ ಶುರುವಾಯಿತು. ಒಂದು ತಳವಾರಘಟ್ಟದಿಂದ ಆನೆಗೊಂದಿಗೆ, ವಾಹನಗಳಿಗಾಗಿ. ಇನ್ನೊಂದು ಹೊಳೆಯಾಚೆಯ ವಿರೂಪಾಪುರಗಡ್ಡೆಗೆ, ಕಾಲ್ನಡಿಗೆಯವರಿಗಾಗಿ. ಎರಡೂ ಸ್ಮಾರಕಗಳ ಮಗ್ಗುಲಲ್ಲೇ. 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು. ಆಮೇಲೆ ಓಡಾಟವೋ ಓಡಾಟ. ಕೆಲಸ ನಿಂತಿತು, ಗಡ್ಡೆಯ ಕಾಲುಸೇತುವೆಯನ್ನು ಕಟ್ಟಿದಷ್ಟೂ ಕಿತ್ತರು, 2002ರಲ್ಲಿ ಹಂಪಿಯನ್ನು ನೋಡಿಕೊಳ್ಳುವ ಪ್ರಾಧಿಕಾರಕ್ಕೆಂದೇ ಕಾಯ್ದೆ ಬಂತು. 29 ಹಳ್ಳಿ, ಸುಮಾರು 236 ಚದರ ಕಿಲೋಮೀಟರ್ ಅದರ ಹಿಡಿತಕ್ಕೆ ಸೇರಿದವು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. ಆನೆಗೊಂದಿ ಸೇತುವೆಯ ಕೆಲಸ ಮಾತ್ರ ಮತ್ತೆ ಹಿಡಿದರು. 2009ರ ಜನವರಿ 22ರಂದು, ಇನ್ನೂ ಕಟ್ಟುತ್ತಿರುವಾಗಲೇ, ಅದು ಹೊಳೆಗೆ ಕುಸಿದು ಬಿತ್ತು. ಸತ್ತವರು ದಿನಗೂಲಿಗೆ ಬಂದ ಕೆಲಸಗಾರರು. ನಕ್ಷೆಗೆ ಸಹಿ ಹಾಕಿದವರು ಅಂದು ಅದರ ಮೇಲೆ ನಿಂತಿರಲಿಲ್ಲ.

ಈಗ ಬುಕ್ಕಸಾಗರ ಮತ್ತು ಕಡೆಬಾಗಿಲು ನಡುವೆ, ಹೊಳೆ ಹರಿದುಹೋಗುವ ಕೆಳದಿಕ್ಕಿನಲ್ಲಿ, ಸೇತುವೆ ಇದೆ. ಲಾರಿಯೂ ದಾಟುತ್ತದೆ, ಆಂಬುಲೆನ್ಸೂ ದಾಟುತ್ತದೆ. ಅದನ್ನು ದಾಟುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಈ ಜಾಗ ಮೊದಲೂ ಇಲ್ಲೇ ಇತ್ತಲ್ಲ! ಎರಡೂ ದಂಡೆಯ ರೈತರನ್ನು, ಅಂಬಿಗರನ್ನು, ಪುರಾತತ್ವದವರನ್ನು ಒಂದು ಮರದ ಕೆಳಗೆ ಕೂರಿಸಿ ‘ಎಲ್ಲಿ ಕಟ್ಟೋಣ’ ಎಂದು ಕೇಳಿದ್ದರೆ ಒಂದು ವರ್ಷದಲ್ಲಿ ತೀರುವ ಮಾತಾಗಿತ್ತು. ಮುಂದಾಳು ಎನಿಸಿಕೊಂಡವರಿಗೆ ಶಂಕುಸ್ಥಾಪನೆಯ ಅವಸರ. ಕೇಳುವುದಕ್ಕೆ ಕಲ್ಲಿನ ಮೇಲೆ ಹೆಸರು ಕೆತ್ತುವುದಿಲ್ಲವಲ್ಲ.

ಅದೇ 2009ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಎಲ್ಬೆ ಕಣಿವೆಯನ್ನು ಯುನೆಸ್ಕೊ ಪಟ್ಟಿಯಿಂದಲೇ ತೆಗೆದುಹಾಕಿತು. ಕಾರಣ ಅಲ್ಲಿಯೂ ಒಂದು ಸೇತುವೆ. ಆದರೆ ಅಲ್ಲಿ 2005ರಲ್ಲಿ ಜನರ ಮತ ಕೇಳಿದ್ದರು, ಜನ ಸೇತುವೆಗೇ ಮತ ಹಾಕಿದ್ದರು. ಅವರು ಮಾಡಿದ್ದು ಸರಿ ಎಂದು ನಾನು ಒಪ್ಪುವುದಿಲ್ಲ. ಅಲ್ಲಿ ಜನರನ್ನು ಕೇಳಿದ್ದರು, ಅಷ್ಟೇ. ನಮ್ಮನ್ನು ಯಾರೂ ಕೇಳಲೂ ಇಲ್ಲ, ನಾವೂ ಕೇಳಿಸಿಕೊಳ್ಳಲಿಲ್ಲ.

ಇನ್ನೊಂದು ಕಡೆಯೂ ಇದೆ. ಉಳಿಸುವ ಹೆಸರಿನಲ್ಲಿ ನಡೆದದ್ದು ಕಟ್ಟುವ ಹೆಸರಿನಲ್ಲಿ ನಡೆದದ್ದಕ್ಕಿಂತ ಮೆತ್ತಗೇನೂ ಇರಲಿಲ್ಲ. 2011ರ ಜುಲೈ ಕೊನೆಯಲ್ಲಿ ಹಂಪಿಯ ವಿರೂಪಾಕ್ಷ ಗುಡಿಯ ಮುಂದಿನ ರಥಬೀದಿಗೆ ಜೆಸಿಬಿಗಳು ಬಂದವು. ಸಾಲುಮಂಟಪಗಳಲ್ಲಿ ಅಂಗಡಿ ಇಟ್ಟು, ಹಿಂದೆ ಮನೆ ಮಾಡಿಕೊಂಡು ತಲೆಮಾರು ಕಳೆದವರು ಸಂಜೆಗೆ ಬೀದಿಯಲ್ಲಿದ್ದರು. ಒತ್ತುವರಿ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಮಂಟಪದ ಕಂಬಕ್ಕೆ ಸಿಮೆಂಟು ಮೆತ್ತಿ ಶಟರ್ ಕೂರಿಸಿದ್ದು ನನ್ನ ಕಣ್ಣಿಗೂ ಚುಚ್ಚುತ್ತಿತ್ತು. ಆದರೆ ಅವರಿಗೆ ಜಾಗ ತೋರಿಸಿದ ಕದ್ದಿರಾಂಪುರದಲ್ಲಿ ಮೊದಲು ಸೂರು ಸಿದ್ಧ ಮಾಡಿ, ನೀರು, ದೀಪ ಕೊಟ್ಟು, ಆಮೇಲೆ ‘ಏಳಿ’ ಎನ್ನಬಹುದಿತ್ತು. ನಾನು ನೋಡಿದ ಒಬ್ಬ ಹೆಂಗಸು ದೋಸೆ ಹಂಚು, ರುಬ್ಬುಗಲ್ಲು, ದೇವರ ಪಟ ಮೂರನ್ನೂ ಒಂದೇ ಗೋಣಿಚೀಲದಲ್ಲಿ ತುಂಬಿ ಅದರ ಮೇಲೆಯೇ ಕೂತಿದ್ದಳು. ಎದ್ದರೆ ಅದೂ ಹೋದೀತೆಂಬ ಹಾಗೆ. 2020ರಲ್ಲಿ ವಿರೂಪಾಪುರಗಡ್ಡೆಯ ರೆಸಾರ್ಟ್‌ಗಳು ಸುಪ್ರೀಂ ಕೋರ್ಟ್ ತೀರ್ಪಿನಂತೆ ಬಿದ್ದವು. ಅವು ಏಳುವಾಗ ಇಟ್ಟಿಗೆ, ಕಬ್ಬಿಣ ಆಕಾಶದಿಂದ ಇಳಿದಿರಲಿಲ್ಲ. ಎಲ್ಲರೂ ನೋಡಿದೆವು. ನೋಡಿ ಸುಮ್ಮನಿದ್ದವರಲ್ಲಿ ನಾನೂ ಒಬ್ಬ.

ಆದ್ದರಿಂದ ಈ ಕೋರಿಕೆ ಬರೀ ಅಧಿಕಾರಿಗಳಿಗೆ, ಮಂತ್ರಿಗಳಿಗೆ ಅಲ್ಲ. ನಾಳೆ ಮತ್ತೊಂದು ರಸ್ತೆ ಅಗಲೀಕರಣ ಬರುತ್ತದೆ, ಮತ್ತೊಂದು ಹೋಟೆಲು, ಮತ್ತೊಂದು ಪಾರ್ಕಿಂಗ್ ಬರುತ್ತದೆ. ಬರಲಿ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್ ಅನುಮತಿ ಬೇಕು ಎಂಬ ಕಾನೂನು ಇದ್ದೇ ಇದೆ. ಅದನ್ನು ಅಳೆಯಲು ಎಂಜಿನಿಯರೇ ಆಗಬೇಕಿಲ್ಲ, ಒಂದು ಟೇಪು ಸಾಕು. ಗುದ್ದಲಿ ಪೂಜೆಗೆ ಮುಂಚೆ ನಕ್ಷೆಯನ್ನು ಕನ್ನಡದಲ್ಲಿ ಪಂಚಾಯಿತಿ ಗೋಡೆಗೆ ಅಂಟಿಸಿ ಎಂದು ಕೇಳೋಣ. ಮನೆ ಕಳೆದುಕೊಳ್ಳುವವರು ಎಷ್ಟು ಜನ, ಅವರು ಎಲ್ಲಿಗೆ ಹೋಗುತ್ತಾರೆ ಎಂಬುದು ಅದೇ ಹಾಳೆಯಲ್ಲಿ ಇರಲಿ. ‘ಪ್ರಾಧಿಕಾರದವರ ಕಾಟ’ ಎಂದು ಚಹಾ ಅಂಗಡಿಯಲ್ಲಿ ಬೈಯುವವರು ಆ ಸಿಟ್ಟನ್ನು ಸಭೆಗೆ ತನ್ನಿ. ‘ಹಳ್ಳಿಯವರಿಗೆ ಕಲ್ಲಿನ ಬೆಲೆ ಏನು ಗೊತ್ತು’ ಎನ್ನುವ ಬೆಂಗಳೂರಿನ ಗೆಳೆಯರೇ, ನೀವೂ ಒಮ್ಮೆ ಬಂದು ಆ ಕಲ್ಲಿನ ನಡುವೆ ಬಾಳೆ ಬೆಳೆಯುವವರ ಪಕ್ಕ ಕೂರಿ.

ಹಾಗೆ ಕೇಳಿದಾಗ ಉತ್ತರ ಕೊಡುವವರು ಯಾವ ಪಕ್ಷದವರಾದರೂ ಸರಿ, ಅವರ ಬೆನ್ನಿಗೆ ನಿಲ್ಲೋಣ. ‘ಈ ಜಾಗ ಬೇಡ, ಬೇರೆ ನೋಡೋಣ’ ಎನ್ನುವ ಧೈರ್ಯ ಮಾಡಿದ ಎಂಜಿನಿಯರನ್ನು ಅಭಿವೃದ್ಧಿಯ ವಿರೋಧಿ ಎಂದು ಕರೆಯದಿರೋಣ.

ಮುಂದಿನ ಗ್ರಾಮಸಭೆಗೆ ಬನ್ನಿ. ಕುರ್ಚಿ ಸಾಲದೆ ಹೋದರೆ ನಿಂತೇ ಕೇಳೋಣ.