ಎಷ್ಟು ಸಂಬಳ ಬಂದರೆ ಸಾಕು, ಅದನ್ನು ಮೊದಲು ಹೇಳಿ

ಮೈಸೂರಿನ ಹೆಬ್ಬಾಳದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲವು ವರ್ಷ ದುಡಿದ ನನ್ನ ತಂಗಿಯ ಮಗಳು ಆ ಕೆಲಸ ಬಿಟ್ಟು ರಂಗಾಯಣದಲ್ಲಿ ನಾಟಕ ಕಲಿಯಲು ಸೇರಿದ್ದಾಳೆ. ಅವಳ ಅಪ್ಪ ಅಮ್ಮ ಒಪ್ಪಿದ್ದಾರೆ. ಬಂಧುಗಳು ಒಪ್ಪಿಲ್ಲ. ಮದುವೆ ಮನೆಯಿರಲಿ, ಗೃಹಪ್ರವೇಶವಿರಲಿ, ನಾಲ್ಕು ಜನ ಸೇರಿದಲ್ಲಿ ಅದೇ ಮಾತು. ಅವಳನ್ನು ನೇರವಾಗಿ ಕೇಳುವುದಿಲ್ಲ. ಸೋದರಮಾವನಾಗಿ ನೀನಾದರೂ ಬುದ್ಧಿ ಹೇಳಬಾರದಿತ್ತೇ ಎಂದು ನನ್ನನ್ನು ಕೇಳುತ್ತಾರೆ. ಹೀಗೆ ಕೇಳುವವರೆಲ್ಲ ಅವಳನ್ನು ಎತ್ತಿ ಆಡಿಸಿದವರೇ. ಅವರ ಕಾಳಜಿ ನಿಜವಾದದ್ದು. ಆದ್ದರಿಂದಲೇ ಅವರ ಒಂದೊಂದು ಮಾತಿಗೂ ಉತ್ತರ ಕೊಡಬೇಕು ಅನ್ನಿಸಿತು.

ಒಂದನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಸಾಲವಿದೆ, ಅಮ್ಮನಿಗೆ ಡಯಾಲಿಸಿಸ್ ನಡೆಯುತ್ತಿದೆ, ತಮ್ಮನ ಫೀಸು ಕಟ್ಟಬೇಕು ಎಂದು ಒಲ್ಲದ ಕೆಲಸವನ್ನೇ ಹಿಡಿದಿರುವ ಹುಡುಗ ಹುಡುಗಿಯರ ಜೊತೆ ನನಗೆ ವಾದವಿಲ್ಲ. ಅವರು ಮಾಡುತ್ತಿರುವುದು ದೊಡ್ಡ ಕೆಲಸ. ನನ್ನ ವಾದವಿರುವುದು ಸ್ವಂತ ಮನೆ, ಪಿಂಚಣಿ ಎರಡೂ ಇದ್ದು, ಮಕ್ಕಳ ಸಂಬಳದಿಂದ ಒಂದು ರೂಪಾಯಿಯೂ ಬೇಕಿಲ್ಲದಿದ್ದರೂ ‘ಸಂಬಳ ನೋಡು, ಸಂಬಳ ನೋಡು’ ಎನ್ನುವವರ ಜೊತೆ.

‘ಮೊದ್ಲು ಹತ್ತು ವರ್ಷ ದುಡೀಲಿ, ಆಮೇಲೆ ಬೇಕಾದ್ದು ಮಾಡ್ಲಿ’ ಎನ್ನುವುದು ಎಲ್ಲರೂ ಹೇಳುವ ಮಾತು. ದುಡಿದು ಎಷ್ಟು ಕೂಡಿಸಬೇಕು? ಈ ಸಲಹೆ ಕೊಟ್ಟ ಯಾರೂ ನನಗೆ ಈವರೆಗೆ ಒಂದು ಅಂಕಿ ಹೇಳಿಲ್ಲ. ಹತ್ತು ವರ್ಷದಲ್ಲಿ ಮದುವೆಯಾಗುತ್ತದೆ, ವಿಜಯನಗರದಾಚೆ ಸೈಟೋ ಫ್ಲಾಟೋ ಆಗುತ್ತದೆ, ಅದರ ಕಂತು ಇಪ್ಪತ್ತು ವರ್ಷದ್ದು. ಮಗು ಹುಟ್ಟಿ ಶಾಲೆಗೆ ಸೇರುತ್ತದೆ. ಆಗ ಇದೇ ಹಿರಿಯರು, ಈಗ ಕೆಲಸ ಬಿಡುವ ವಯಸ್ಸೇ ಎಂದು ಕೇಳುತ್ತಾರೆ. ಆ ಪ್ರಶ್ನೆ ಆಗ ನ್ಯಾಯವಾಗಿಯೇ ಇರುತ್ತದೆ. ಮೈಮೇಲೆ ಭಾರವಿಲ್ಲದ ವಯಸ್ಸು ಇದೊಂದೇ. ಅದನ್ನು ಮುಂದಕ್ಕೆ ಹಾಕಿ ಎನ್ನುವುದು ಬಿಟ್ಟುಬಿಡಿ ಎಂದಂತೆಯೇ. ಅಭಿನಯಕ್ಕೆ ಬೇಕಾದ ಮೈ, ದನಿ, ನೆನಪು ಯಾವ ಫಿಕ್ಸೆಡ್ ಡಿಪಾಸಿಟ್ಟಿನಲ್ಲೂ ಬೆಳೆಯುವುದಿಲ್ಲ.

ಎರಡನೆಯದು ಭದ್ರತೆ. ಕಂಪನಿ ಕೆಲಸ ಭದ್ರ, ನಾಟಕ ಗಾಳಿಗೋಪುರ ಎಂಬ ವಾದ. 2025ರ ಫೆಬ್ರವರಿಯಲ್ಲಿ ನಮ್ಮ ಊರಿನ ಇನ್ಫೋಸಿಸ್ ಕ್ಯಾಂಪಸ್ಸಿನಲ್ಲಿ ತರಬೇತಿಯಲ್ಲಿದ್ದವರನ್ನು ಮನೆಗೆ ಕಳಿಸಿದ್ದು ಎಲ್ಲ ಪತ್ರಿಕೆಗಳಲ್ಲೂ ಬಂತು. ಕಂಪನಿಯ ಲೆಕ್ಕದ ಪ್ರಕಾರವೇ ಅವರು 300ಕ್ಕೂ ಹೆಚ್ಚು ಜನ. ಮೂರು ಅವಕಾಶ ಕೊಟ್ಟರೂ ಪರೀಕ್ಷೆ ಪಾಸಾಗಲಿಲ್ಲ, ಇದು ನಮ್ಮ ನಿಯಮ ಎಂದಿತು ಕಂಪನಿ. ನಿಯಮ ಸರಿಯೋ ತಪ್ಪೋ ಎಂಬುದು ಇಲ್ಲಿನ ವಿಷಯವಲ್ಲ. ಅವರಲ್ಲಿ ಅನೇಕರು 2022ರಲ್ಲಿ ಆಫರ್ ಪತ್ರ ಪಡೆದು, ಸೇರುವುದಕ್ಕೇ ಎರಡು ವರ್ಷಕ್ಕೂ ಹೆಚ್ಚು ಕಾದವರು. ಆ ಪತ್ರ ಬಂದ ದಿನ ಅವರ ಮನೆಗಳಲ್ಲೂ ‘ಸದ್ಯ, ಇನ್ನು ಚಿಂತೆಯಿಲ್ಲ’ ಅಂದುಕೊಂಡಿರುತ್ತಾರೆ. ಭದ್ರತೆ ಈಗ ಎರಡು ಕಡೆಯೂ ಕಡಿಮೆ. ಹಾಗಿರುವಾಗ ಒಲ್ಲದ ಕೆಲಸದಲ್ಲಿ ಇಲ್ಲದ ಭದ್ರತೆಯನ್ನು ಇದೆ ಎಂದು ತೋರಿಸಿ ಮಕ್ಕಳನ್ನು ಅತ್ತ ತಳ್ಳುವುದು ಪ್ರಾಮಾಣಿಕವಲ್ಲ.

ನಮ್ಮ ಭಾವನವರು ಸಾಹಿತ್ಯ ಓದಿಕೊಂಡವರು. ಅವರ ಆಕ್ಷೇಪ ಹೆಚ್ಚು ಗಟ್ಟಿ. ‘ಕೆ.ಎಸ್. ನರಸಿಂಹಸ್ವಾಮಿ ಸರ್ಕಾರಿ ಗುಮಾಸ್ತರಾಗಿದ್ದುಕೊಂಡೇ ಮೈಸೂರು ಮಲ್ಲಿಗೆ ಬರೆದರು. ಕುವೆಂಪು ಪಾಠ ಹೇಳುತ್ತಲೇ ಮಹಾಕಾವ್ಯ ಬರೆದರು. ನಿಮ್ಮ ಹುಡುಗಿ ಭಾನುವಾರ ನಾಟಕ ಮಾಡಿದರೆ ಆಗದೇ?’

ಕುವೆಂಪು ಉದಾಹರಣೆ ಅವರ ವಾದಕ್ಕೆ ಒದಗುವುದಿಲ್ಲ. 1929ರಲ್ಲಿ ಮಹಾರಾಜ ಕಾಲೇಜಿಗೆ ಕನ್ನಡ ಅಧ್ಯಾಪಕರಾಗಿ ಸೇರಿ, 1956ರಲ್ಲಿ ಕುಲಪತಿಯಾದವರಿಗೆ ಸಂಬಳ ಬರುತ್ತಿದ್ದದ್ದೇ ಅವರು ಪ್ರೀತಿಸಿದ ಕನ್ನಡದಿಂದ. ನರಸಿಂಹಸ್ವಾಮಿಯವರ ಉದಾಹರಣೆ ನಿಜ, ಅದಕ್ಕೆ ತಲೆಬಾಗುತ್ತೇನೆ. ಆದರೆ 1942ರಲ್ಲಿ ಆ ಸಂಕಲನ ಬಂದಾಗಿನ ಕಚೇರಿ ಸಂಜೆ ಬಾಗಿಲು ಹಾಕುತ್ತಿತ್ತು. ಗುಮಾಸ್ತರು ಮನೆಗೆ ನಡೆದು ಬಂದ ಮೇಲೆ ಕಚೇರಿ ಅವರ ಹಿಂದೆ ಬರುತ್ತಿರಲಿಲ್ಲ. ಈಗ ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ಬೆಳಗ್ಗೆ ಬೆಂಗಳೂರಿಗೆ ಹೋಗುವವರನ್ನು ನೋಡಿ. ಹೋಗಿಬರುವುದಕ್ಕೇ ಐದಾರು ಗಂಟೆ. ಊರಲ್ಲೇ ಕೆಲಸ ಮಾಡುವವರಿಗೂ ರಾತ್ರಿ ಅಮೆರಿಕದವರ ಜೊತೆ ಕಾಲ್. ನಾಟಕವಂತೂ ಒಬ್ಬರೇ ಕೂತು ಬರೆಯುವ ಪದ್ಯವಲ್ಲ. ಹತ್ತಾರು ಜನ ಒಂದೇ ಹೊತ್ತಿಗೆ ಒಂದೇ ಕಡೆ ಸೇರಿ ತಿಂಗಳುಗಟ್ಟಲೆ ತಾಲೀಮು ಮಾಡಬೇಕು. ವಾರದಲ್ಲಿ ಉಳಿದ ಒಂದು ದಿನದಲ್ಲಿ, ಅದೂ ಬಟ್ಟೆ ಒಗೆದು ನಿದ್ದೆ ತೀರಿಸಿಕೊಂಡ ಮೇಲೆ, ಅದು ಎಷ್ಟು ಸಾಧ್ಯ?

ಇನ್ನು ಆರ್.ಕೆ. ನಾರಾಯಣ್. ಅವರ ಹೆಸರನ್ನು ತಂದದ್ದು ನಾನೇ, ಆದರೆ ನನ್ನ ವಿರುದ್ಧ ಹೆಚ್ಚು ಬಳಕೆಯಾದದ್ದೂ ಅದೇ. ಮಹಾರಾಜ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ನಾರಾಯಣ್ ಚನ್ನಪಟ್ಟಣದ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಾಗಿ ಸೇರಿ, ಕೆಲವೇ ದಿನಗಳಲ್ಲಿ ಬಿಟ್ಟು ಮೈಸೂರಿಗೆ ಮರಳಿದರು. ಬರೆದೇ ಬದುಕುತ್ತೇನೆ ಎಂದರು. ‘ಅವರಪ್ಪ ಹೆಡ್‌ಮಾಸ್ಟರು, ಅಣ್ಣತಮ್ಮಂದಿರು ತುಂಬಿದ ಮನೆ, ಊಟಕ್ಕೇನು ಕೊರತೆ? ಅಂಥವರು ಬಿಡಬಹುದು, ನಾವು ಬಿಡಲಾದೀತೇ?’ ಎನ್ನುತ್ತಾರೆ ಬಂಧುಗಳು.

ನಿಜ, ಮನೆ ಅವರನ್ನು ಹೊತ್ತಿತು. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅವರು ಸುಮ್ಮನೆ ಕೂತು ಉಣ್ಣಲಿಲ್ಲ. ಮದ್ರಾಸಿನ ‘ಜಸ್ಟಿಸ್’ ಪತ್ರಿಕೆಗೆ ಮೈಸೂರಿನ ವರದಿಗಾರರಾಗಿ ಸುದ್ದಿಗಾಗಿ ಊರೆಲ್ಲ ಸುತ್ತಿದರು, ಬರುತ್ತಿದ್ದ ಅಲ್ಪ ಹಣದಲ್ಲಿ ಸಂಸಾರ ತೂಗಿಸಿದರು. ಪ್ರಕಾಶಕರಿಂದ ಮತ್ತೆ ಮತ್ತೆ ವಾಪಸಾದ ಅವರ ಹಸ್ತಪ್ರತಿ ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯನ ಮೂಲಕ ಗ್ರಹಾಂ ಗ್ರೀನ್ ಕೈ ಸೇರಿ, 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಆಗಿ ಲಂಡನ್ನಿನಲ್ಲಿ ಅಚ್ಚಾಯಿತು. ನಡುವಿನ ಆ ವರ್ಷಗಳಲ್ಲಿ ಆ ಮನೆಯವರು ಮಗನನ್ನು ಹೊರಗೆ ಹಾಕಲಿಲ್ಲ. ಬಂಧುಗಳೇ, ನೀವು ಬಡವರ ಪರವಾಗಿ ಮಾತಾಡುತ್ತಿದ್ದೀರಿ, ಆದರೆ ನಿಮ್ಮ ಮನೆ ನಾರಾಯಣ್ ಅವರ ಮನೆಯಂಥದೇ. ಊಟಕ್ಕೆ ಕೊರತೆಯಿಲ್ಲ, ತಾರಸಿ ಮನೆಯಿದೆ, ಮೇಲೊಂದು ಕೋಣೆ ಖಾಲಿಯಿದೆ. ಆ ಮನೆ ಮಾಡಿದ್ದನ್ನು ನೀವೇಕೆ ಮಾಡಬಾರದು ಎಂಬುದಷ್ಟೇ ನನ್ನ ಪ್ರಶ್ನೆ. ಯಾದವಗಿರಿಯಲ್ಲಿ ಅವರು ಕಟ್ಟಿಸಿದ ಮನೆ ಈಗ ಮ್ಯೂಸಿಯಂ. ಊರಿಗೆ ಬಂದ ನೆಂಟರನ್ನು ಅಲ್ಲಿಗೆ ಹೆಮ್ಮೆಯಿಂದ ಕರೆದುಕೊಂಡು ಹೋಗುತ್ತೀರಿ. ಚನ್ನಪಟ್ಟಣದಿಂದ ವಾಪಸು ಬಂದ ಹುಡುಗನನ್ನು ಬಾಗಿಲಲ್ಲೇ ತಡೆದು ಬುದ್ಧಿ ಹೇಳಿದ್ದರೆ ಆ ಮನೆ ಇರುತ್ತಿರಲಿಲ್ಲ.

ಕಾಯಕದ ಮಾತೂ ಬಂತು. ಯಾವ ಕೆಲಸ ಸಿಕ್ಕಿದೆಯೋ ಅದನ್ನೇ ಪ್ರೀತಿಸಬೇಕು, ಇಷ್ಟ ಕಷ್ಟ ಎಂದು ಆರಿಸುವುದು ಸೋಮಾರಿಗಳ ಲಕ್ಷಣ, ಬಸವಣ್ಣ ಹೇಳಿದ್ದು ಅದನ್ನೇ ಎಂದರು ಒಬ್ಬರು. ಕಾಯಕವನ್ನು ಕೈಲಾಸಕ್ಕೆ ಸಮ ಮಾಡಿದ ಮಾತು ಸಿಗುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಆ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಏನು ಮಾಡಿದಳು? ಇಷ್ಟೊಂದು ನಮಗೇಕೆ ಎಂದು ವಾಪಸು ಕಳಿಸಿದಳು. ಕಾಯಕದ ಪಾಠದಲ್ಲಿ ದುಡಿಮೆ ಅರ್ಧ ಭಾಗವಾದರೆ ಸಾಕು ಎನ್ನುವುದು ಇನ್ನರ್ಧ. ನೀವು ಮೊದಲರ್ಧ ಹೇಳಿ ನಿಲ್ಲಿಸುತ್ತೀರಿ. ದಿನದ ಅಕ್ಕಿಯ ಅಳತೆ ಲಕ್ಕಮ್ಮನಿಗೆ ಗೊತ್ತಿತ್ತು. ನಮ್ಮ ಮಕ್ಕಳಿಗೆ ನಾವು ಯಾವ ಅಳತೆಯನ್ನೂ ಕೊಟ್ಟಿಲ್ಲ, ಪಕ್ಕದ ಮನೆಯವರ ಪ್ಯಾಕೇಜಿನ ಹೊರತು.

ಕೊನೆಯ ಆಕ್ಷೇಪ ಬಂಧುಗಳದ್ದಲ್ಲ, ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿರುವ ಗೆಳತಿಯದ್ದು. ನನ್ನನ್ನು ನಿಜವಾಗಿ ಕಾಡಿದ್ದು ಅದೊಂದೇ. ‘ಇಷ್ಟದ ಕೆಲಸ ಎಂದು ಗೊತ್ತಾದ ಕೂಡಲೇ ಕಡಿಮೆ ಕೊಡುತ್ತಾರೆ. ಪಾಠ ಮಾಡುವುದು ನಮಗೆ ಪ್ರೀತಿ, ಬಿಟ್ಟುಹೋಗುವುದಿಲ್ಲ ಎಂದು ಅವರಿಗೆ ಗೊತ್ತು’ ಎಂದಳು. 2023ರ ಕೊನೆಯಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಸೇವೆ ಕಾಯಂ ಮಾಡಿ ಎಂದು ತರಗತಿ ಬಿಟ್ಟು ಧರಣಿ ಕೂತದ್ದು ಇದೇ ಕಾರಣಕ್ಕೆ. ಅವಳ ಮಾತಿನ ಒಂದಕ್ಷರವನ್ನೂ ಅಲ್ಲಗಳೆಯಲಾರೆ.

ಆದರೆ ಅದರಿಂದ ಹೊರಡುವ ತೀರ್ಮಾನ, ಹಾಗಾದರೆ ಪ್ರೀತಿಸುವ ಕೆಲಸ ಬಿಡಿ ಎಂಬುದಲ್ಲ. ಪ್ರೀತಿಗೂ ಸಂಬಳಕ್ಕೂ ಹುಟ್ಟಿನಿಂದ ವೈರವಿಲ್ಲ. ಈ ಊರಿನಲ್ಲಂತೂ ಎರಡನ್ನೂ ಕೂಡಿಸಿದ ಚರಿತ್ರೆಯೇ ಇದೆ. ಅರಮನೆ ವೀಣೆ ಶೇಷಣ್ಣನವರನ್ನು ಆಸ್ಥಾನ ವಿದ್ವಾಂಸರನ್ನಾಗಿ ಇಟ್ಟುಕೊಂಡಿತು. ವಾಸುದೇವಾಚಾರ್ಯರನ್ನು ಸಂಗೀತ ಕಲಿಯಲು ತಮಿಳುನಾಡಿನ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಬಳಿಗೆ ಕಳಿಸಿತು. ಅರಸರ ಕಾಲ ಹೋದ ಮೇಲೆ, 1989ರಲ್ಲಿ, ಬಿ.ವಿ. ಕಾರಂತರ ನೇತೃತ್ವದಲ್ಲಿ ಸರ್ಕಾರವೇ ರಂಗಾಯಣ ಕಟ್ಟಿತು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯನ್ನೂ ಭೋಪಾಲದ ರಂಗಮಂಡಲವನ್ನೂ ನಡೆಸಿ ಬಂದಿದ್ದ ಕಾರಂತರಿಗೆ ಹಗಲೆಲ್ಲ ಬೇರೆಡೆ ದುಡಿದು ಬಂದ ದಣಿದ ಮೈ ರಂಗದ ಮೇಲೆ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದು ಚೆನ್ನಾಗಿ ಗೊತ್ತಿತ್ತು. ನಾಟಕವನ್ನೇ ಉದ್ಯೋಗ ಮಾಡಿಕೊಂಡು ತಿಂಗಳ ಸಂಬಳ ಎಣಿಸುವ ಕಲಾವಿದರ ತಂಡ ಕಲಾಮಂದಿರದ ಆವರಣದಲ್ಲಿ ಹುಟ್ಟಿದ್ದು ಹಾಗೆ. ಆ ಸಂಬಳ ಯಾವತ್ತೂ ಸಲೀಸಾಗಿ ಬಂದದ್ದಲ್ಲ, ಕೇಳಿ ಕೇಳಿ ಪಡೆದದ್ದು. ಗೆಳತಿಗೆ ನಾನು ಹೇಳುವುದೂ ಅದನ್ನೇ. ಪಾಠ ಬಿಡಬೇಡ, ಧರಣಿಯನ್ನೂ ಬಿಡಬೇಡ.

ಬಂಧುಗಳಿಗೆ ಹೇಳಬೇಕಾದದ್ದು ಬೇರೆ. ನಾಟಕ ಹೊಟ್ಟೆ ತುಂಬಿಸುವುದಿಲ್ಲ ಎನ್ನುವ ನೀವು ರಂಗಾಯಣದ ಬಹುರೂಪಿ ನಾಟಕೋತ್ಸವ ಬಂದಾಗ ಅದೇ ಹುಡುಗಿಗೆ ಫೋನ್ ಮಾಡಿ ನಾಲ್ಕು ಪಾಸ್ ಸಿಗುತ್ತದೆಯೇ ಎಂದು ಕೇಳುತ್ತೀರಿ. ಈ ಸಲ ಕೇಳಬೇಡಿ. ಭೂಮಿಗೀತ ರಂಗಮಂದಿರದ ಮುಂದೆ ಸಾಲಿನಲ್ಲಿ ನಿಂತು ನಾಲ್ಕೂ ಟಿಕೆಟ್ಟನ್ನು ದುಡ್ಡು ಕೊಟ್ಟು ಕೊಳ್ಳಿ.