ಬಿಳಿ ಅಂಗಿ ತೊಟ್ಟ ಲಾಠಿ

ಘೋರವಾದ ಅಪರಾಧವೊಂದು ನಡೆದು, ಆಪಾದಿತನು ಸಿಕ್ಕಿಬಿದ್ದು, ಕೇಳಿದ್ದಕ್ಕೆಲ್ಲ ತುಟಿ ಬಿಗಿಹಿಡಿದು ಕುಳಿತನೆಂದರೆ ನಮ್ಮ ಜನರ ನಡುವೆ ತಪ್ಪದೆ ಏಳುವ ಕೂಗೊಂದಿದೆ: “ಮಂಪರು ಪರೀಕ್ಷೆ ಮಾಡಿಸಿ, ಎಲ್ಲವೂ ತಾನಾಗಿ ಹೊರಬೀಳುತ್ತದೆ!” ಹೀಗೆ ಕೂಗುವ ಮಹನೀಯರು ತಮ್ಮನ್ನು ವಿಜ್ಞಾನದ ಪಕ್ಷಪಾತಿಗಳೆಂದು ತಿಳಿದಿದ್ದಾರೆ. ಅವರು ಬಯಸುತ್ತಿರುವುದು ವಿಜ್ಞಾನವನ್ನಲ್ಲ, ಹಳೆಯ ಲಾಠಿಯನ್ನೇ. ಅದಕ್ಕೊಂದು ಬಿಳಿ ಅಂಗಿ ತೊಡಿಸಿದ್ದಾರೆ, ಅಷ್ಟೆ ಎಂಬುದು ನನ್ನ ಆಪಾದನೆ.

ಪೊಲೀಸರ ಕೆಲಸಕ್ಕೆ ಪ್ರಯೋಗಶಾಲೆ ಏಕೆ ಬೇಕಾಯಿತು? ಮನುಷ್ಯನ ಬಾಯನ್ನು ನೆಚ್ಚುವಂತಿಲ್ಲವಾದ್ದರಿಂದ. ಹೆದರಿದವನು, ನಿದ್ದೆಗೆಟ್ಟವನು, ಪೆಟ್ಟು ತಿಂದವನು ಮಾಡದ ಕೆಲಸವನ್ನೂ ಮಾಡಿದೆನೆಂದು ಒಪ್ಪಿಬಿಡುತ್ತಾನೆ. 1872ರ ಸಾಕ್ಷ್ಯ ಶಾಸನವನ್ನು ಬರೆದ ಬ್ರಿಟಿಷರಿಗೂ ಇದು ತಿಳಿದಿತ್ತು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆಪಾದಿತನ ಮೇಲೆ ರುಜುವಾತಾಗಿ ಹಿಡಿಯಬಾರದೆಂದು ಅವರು ವಿಧಿಸಿದರು. 2023ರ ಹೊಸ ಶಾಸನವೂ ಆ ಮಾತನ್ನು ಉಳಿಸಿಕೊಂಡಿದೆ. ಬಾಯಿಯನ್ನು ಬಿಟ್ಟರೆ ಉಳಿಯುವುದು ವಸ್ತು. ಬೆರಳ ಗುರುತಿಗೆ ಹೆದರಿಕೆಯಿಲ್ಲ. ರಕ್ತದ ಕಲೆಗೆ ಆಸೆಯಿಲ್ಲ.

ಈ ವಿದ್ಯೆಯಲ್ಲಿ ನಾವು ಹಿಂದುಳಿದವರೂ ಅಲ್ಲ. 1897ರಲ್ಲಿಯೇ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ತೆರೆಯಿತು. ಬೆರಳಚ್ಚುಗಳನ್ನು ವಿಂಗಡಿಸುವ ಕ್ರಮವನ್ನು ರೂಪಿಸಲು ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ನಮ್ಮವರಿಬ್ಬರು. ಕ್ರಮಕ್ಕೆ ಉಳಿದದ್ದು ಮಾತ್ರ ಮೇಲಧಿಕಾರಿ ಹೆನ್ರಿಯ ಹೆಸರು.

ಬಾಯಿಗೂ ವಸ್ತುವಿಗೂ ನೇರವಾಗಿ ವ್ಯಾಜ್ಯ ಬಿದ್ದ ಪ್ರಸಂಗವೊಂದನ್ನು ಓದುಗರು ಗಮನಿಸಬೇಕು. ಇಂಗ್ಲೆಂಡಿನ ಲೆಸ್ಟರ್ ಸೀಮೆಯಲ್ಲಿ 1983ರಲ್ಲೊಮ್ಮೆ, 1986ರಲ್ಲೊಮ್ಮೆ ಇಬ್ಬರು ಹುಡುಗಿಯರ ಅತ್ಯಾಚಾರ ಮತ್ತು ಕೊಲೆ ನಡೆಯಿತು. 17 ವರ್ಷದ ಹುಡುಗನೊಬ್ಬ ಪೊಲೀಸರ ಮುಂದೆ ಎರಡನೆಯ ಕೊಲೆಯನ್ನು ಒಪ್ಪಿಕೊಂಡ. ಅಲ್ಲಿಯ ವಿಶ್ವವಿದ್ಯಾನಿಲಯದ ಅಲೆಕ್ ಜೆಫ್ರೀಸ್ ಡಿ.ಎನ್.ಎ. ಪರೀಕ್ಷೆ ಮಾಡಿ ನೋಡಿದಾಗ ಎರಡೂ ಕೃತ್ಯ ಒಬ್ಬನದೇ, ಆದರೆ ಆತ ಈ ಹುಡುಗನಲ್ಲವೆಂದು ಗೊತ್ತಾಯಿತು. ನಿಜವಾದ ಅಪರಾಧಿಗೆ 1988ರಲ್ಲಿ ಶಿಕ್ಷೆಯಾಯಿತು. ಕೊಲೆಗಾರನನ್ನು ಹಿಡಿಯುವುದಕ್ಕೆ ಮೊದಲೇ ಆ ಪ್ರಯೋಗಶಾಲೆ ನಿರಪರಾಧಿಯೊಬ್ಬನನ್ನು ಅವನ ಸ್ವಂತ ಬಾಯಿಯಿಂದಲೇ ಕಾಪಾಡಿತ್ತು!

ಮಂಪರು ಪರೀಕ್ಷೆ ಮಾಡುವುದು ಇದಕ್ಕೆ ತೀರ ವಿರುದ್ಧವಾದ ಕೆಲಸ. ಸೋಡಿಯಂ ಪೆಂಟೋಥಾಲ್ ಎಂಬುದು ಶಸ್ತ್ರಚಿಕಿತ್ಸೆಯವರು ಬಳಸುತ್ತಿದ್ದ ಅರಿವಳಿಕೆಯ ಮದ್ದು. ಅದನ್ನು ಅಳತೆಯಾಗಿ ನರಕ್ಕೆ ಏರಿಸಿದರೆ ಮನಸ್ಸಿನ ಬಿಗಿ ಸಡಿಲವಾಗಿ ಮನುಷ್ಯ ಮಾತಾಡುತ್ತಾನೆ. ಮಾತು ಬಂದಮಾತ್ರಕ್ಕೆ ಅದು ಸತ್ಯವೇ? ನೆನಪು, ಕನಸು, ಭಯ, ಕೇಳುವವನು ಪ್ರಶ್ನೆಯಲ್ಲಿಯೇ ಅಡಗಿಸಿಟ್ಟ ಉತ್ತರ, ಎಲ್ಲವೂ ಕಲಸಿ ಬರುತ್ತವೆ. ಸೂಜಿಯು ನಾಲಗೆಯನ್ನು ಸಡಿಲಿಸಬಲ್ಲದು. ಸತ್ಯವನ್ನು ಸೋಸಿ ಕೊಡಲಾರದು.

ಈ ಶತಮಾನದ ಮೊದಲ ದಶಕದಲ್ಲಿ ಈ ಪರೀಕ್ಷೆಗೆ ನಮ್ಮ ಬೆಂಗಳೂರೇ ದೇಶಕ್ಕೆಲ್ಲ ಹೆಸರಾಗಿತ್ತು. ಬೇರೆ ರಾಜ್ಯದ ಪೊಲೀಸರೂ ಆಪಾದಿತರನ್ನು ಇಲ್ಲಿಗೆ ಕರೆತರುತ್ತಿದ್ದರು. ಇದನ್ನು ಪ್ರಶ್ನಿಸಿದ ಮೊಕದ್ದಮೆಗೂ ಕರ್ನಾಟಕದ ಹೆಸರೇ ಅಂಟಿದೆ. ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಎಂಬ ಆ ಮೊಕದ್ದಮೆಯಲ್ಲಿ 2010ರ ಮೇ 5ರಂದು ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರಿದ್ದ ಮೂವರ ಪೀಠ ತೀರ್ಪು ಕೊಟ್ಟಿತು. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಯಂತ್ರ, ಮಿದುಳಿನ ವಿದ್ಯುತ್ ಪರೀಕ್ಷೆ ಯಾವುದನ್ನೂ ಮಾಡಕೂಡದು. ಮಾಡಿದರೆ, ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಯಾರನ್ನೂ ಬಲವಂತಪಡಿಸಬಾರದೆಂಬ ಸಂವಿಧಾನದ ಮಾತಿಗೆ ಭಂಗ ಬಂದಂತೆ. ಆದರೂ ಚಪಲ ಹೋಗಿಲ್ಲ. ಆಪಾದಿತರೆಲ್ಲರಿಗೂ ಮಂಪರು ಪರೀಕ್ಷೆ ಮಾಡಿಸುತ್ತೇವೆಂಬ ತನಿಖಾಧಿಕಾರಿಯ ಮಾತನ್ನು ಪಟ್ನಾ ಹೈಕೋರ್ಟು ಒಪ್ಪಿಕೊಂಡದ್ದನ್ನು 2025ರ ಜೂನ್ ತಿಂಗಳಿನಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಬೇಕಾಯಿತು.

“ಬೂಟುಗಾಲಿನ ಒದೆತಕ್ಕಿಂತ ಸೂಜಿ ಮೇಲಲ್ಲವೇ?” ಎಂದು ಕೇಳುವವರಿದ್ದಾರೆ. ಒಂದು ಅಕ್ರಮವನ್ನು ತೆಗೆದು ಇನ್ನೊಂದನ್ನು ಅದರ ಜಾಗದಲ್ಲಿ ಕೂರಿಸುವುದು ಸುಧಾರಣೆಯಲ್ಲ. “ಕೊಲೆಗಾರನಿಗೆ ಇಷ್ಟು ದಯೆ ಏತಕ್ಕೆ?” ಎನ್ನುವವರೂ ಇದ್ದಾರೆ. ಸ್ವಾಮಿ, ಅವನು ಕೊಲೆಗಾರನೆಂದು ಗೊತ್ತಾಗಿದ್ದರೆ ಸೂಜಿಯ ಅಗತ್ಯವೇನಿತ್ತು? ಲೆಸ್ಟರಿನ ಆ ಹುಡುಗನನ್ನೂ ಒಂದು ಕಾಲಕ್ಕೆ ಕೊಲೆಗಾರನೆಂದೇ ಕರೆದಿದ್ದರಲ್ಲ!

ವಿಜ್ಞಾನ ಬೇಕೆಂದು ಕೂಗುವುದಾದರೆ ನಾವು ಕೂಗಬೇಕಾದ ಮಾತುಗಳು ಬೇರೆ ಇವೆ. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಗೆ ಒಳಪಡುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೇ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕೆಂದು 2024ರ ಜುಲೈ 1ರಿಂದ ಜಾರಿಯಾದ ಹೊಸ ಸಂಹಿತೆ ಹೇಳುತ್ತದೆ. ಅದನ್ನು ಕಾರ್ಯಗತ ಮಾಡಲು ರಾಜ್ಯಗಳಿಗೆ ಐದು ವರ್ಷದ ಗಡುವನ್ನೂ ಕೊಟ್ಟಿದೆ. ಅಷ್ಟು ಜನ ತಜ್ಞರೆಲ್ಲಿ? ಊರಿನ ಜನ ತುಳಿದಾಡುವ ಮೊದಲು ಆ ಜಾಗಕ್ಕೆ ಕಾವಲು ಹಾಕಿದರೇ? ರಕ್ತದ ಬಟ್ಟೆಯನ್ನು ಒಣಗಿಸಿ ಕಾಗದದಲ್ಲಿ ಕಟ್ಟಿದರೇ, ಹಸಿಯಾಗಿಯೇ ಪ್ಲಾಸ್ಟಿಕ್ಕಿಗೆ ತುರುಕಿ ಕೊಳೆಯಿಸಿದರೇ? ಮೊಹರು ಮಾಡಿದ ಪೊಟ್ಟಣ ಠಾಣೆಯಲ್ಲಿ ಎಷ್ಟು ದಿನ ಬಿದ್ದಿತ್ತು?

ಇವು ಬೇಸರದ ಪ್ರಶ್ನೆಗಳು. ಇವುಗಳಿಗೆ ಹಣ ಬೇಕು, ಬೆವರು ಬೇಕು, ತಾಳ್ಮೆ ಬೇಕು. ಮಲಗಿಸಿ ಸೂಜಿ ಚುಚ್ಚುವುದು ಸುಲಭ. ಆ ಸುಲಭದ ದಾರಿಗೆ ವಿಜ್ಞಾನವೆಂಬ ದೊಡ್ಡ ಹೆಸರು ಕೊಡಬೇಡಿರೆಂಬುದಷ್ಟೇ ನನ್ನ ವಿನಂತಿ.