ಗುಳ್ಳೆ ಚಿಕ್ಕದು, ಭಯ ದೊಡ್ಡದು

ಕಳೆದ ತಿಂಗಳು ಚನ್ನಪಟ್ಟಣದ ಬಳಿಯ ಹಳ್ಳಿಯಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಅವನಿಗೂ ಈಗ 58 ವರ್ಷ. ಕೈಯಲ್ಲಿ ಸ್ಕ್ಯಾನಿಂಗ್ ವರದಿಯ ಲಕೋಟೆ. ಮುಖದಲ್ಲಿ, ಅಂದು ಗಣಿತದಲ್ಲಿ ಫೇಲಾದಾಗ ಇದ್ದ ಅದೇ ಕಳೆ. "ಮೇಷ್ಟ್ರೇ, ಕಿಡ್ನಿಯಲ್ಲಿ ಗಡ್ಡೆಯಂತೆ. ಗೂಡು ಮಾರಿದ ದುಡ್ಡನ್ನೆಲ್ಲ ಆಪರೇಷನ್ನಿಗೆಂದು ಎತ್ತಿಟ್ಟಿದ್ದೇನೆ. ಮಗಳ ಮದುವೆ ಮುಂದಕ್ಕೆ ಹಾಕಿದೆವು" ಎಂದ.

ವರದಿ ಓದಿದೆ. ಎಡ ಮೂತ್ರಪಿಂಡದಲ್ಲಿ 2 ಸೆಂಟಿಮೀಟರಿನ 'ಸಿಂಪಲ್ ಸಿಸ್ಟ್' ಎಂದಿತ್ತು. 'ಸಿಂಪಲ್' ಎಂದರೆ ಸರಳ ಎಂದು ಅವನಿಗೆ ಹೇಳಿಕೊಟ್ಟವನೇ ನಾನು. ಆ ಹಾಳೆಯಲ್ಲಿ ಅತ್ಯಂತ ಮುಖ್ಯವಾದ ಪದ ಅದೇ ಆಗಿತ್ತು. ಅದನ್ನು ಬಿಟ್ಟು 'ಗಡ್ಡೆ' ಎಂಬ ಮಾತನ್ನು ಮಾತ್ರ ಯಾರೋ ಅವನ ಕೈಗಿತ್ತು ಕಳುಹಿಸಿದ್ದರು. ಒಂದು ತಿಂಗಳು ಆ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ನಿದ್ರಿಸಿರಲಿಲ್ಲ. ನನ್ನ ಜಗಳ ಯಂತ್ರದ ಮೇಲಲ್ಲ. ಅರ್ಥವನ್ನು ತಡೆಹಿಡಿದು ಭಯವನ್ನು ಮಾತ್ರ ವಿತರಿಸುವ ಈ ಪದ್ಧತಿಯ ಮೇಲೆ.

ಸಿಸ್ಟ್ ಎಂದರೆ ನೀರು ತುಂಬಿದ ಗುಳ್ಳೆ. ತೆಳುಗೋಡೆಯ, ಒಳಗೆ ತಿಳಿನೀರಷ್ಟೇ ಇರುವ ಸರಳ ಗುಳ್ಳೆ ಐವತ್ತು ದಾಟಿದವರಲ್ಲಿ ತೀರ ಸಾಮಾನ್ಯ. ನರೆಗೂದಲಿನಂತೆ ಅದೂ ವಯಸ್ಸಿನ ಗುರುತು. ಬೇರಾವುದೋ ಕಾರಣಕ್ಕೆ ಹೊಟ್ಟೆಯ ಸ್ಕ್ಯಾನ್ ಮಾಡಿಸಿದಾಗ ಕಣ್ಣಿಗೆ ಬೀಳುತ್ತದೆ. ನೋವು, ಸೋಂಕು ಇಲ್ಲದಿದ್ದರೆ ಚಿಕಿತ್ಸೆ ಬೇಡ.

ರಾಮನಗರದ ಮಾರುಕಟ್ಟೆಯಲ್ಲಿ ಯಾರೂ ಗಾತ್ರವೊಂದನ್ನೇ ನೋಡಿ ರೇಷ್ಮೆಗೂಡಿಗೆ ಬೆಲೆ ಕಟ್ಟುವುದಿಲ್ಲ. ಸಿಸ್ಟ್ ಕೂಡ ಹಾಗೆಯೇ. ಗಾತ್ರಕ್ಕಿಂತ ಗೋಡೆ ಮುಖ್ಯ. ಗೋಡೆ ದಪ್ಪವಾಗಿದೆಯೇ, ಒಳಗೆ ಅಡ್ಡಪೊರೆಗಳಿವೆಯೇ, ಘನಭಾಗವಿದೆಯೇ ಎಂಬುದನ್ನು ನೋಡಿ ವಿಂಗಡಿಸುವ ಕ್ರಮವನ್ನು ಅಮೆರಿಕದ ಮಾರ್ಟನ್ ಬಾಸ್ನಿಯಾಕ್ 1986ರಲ್ಲಿ ರೂಪಿಸಿದರು. 2019ರಲ್ಲಿ ಅದು ಪರಿಷ್ಕೃತವಾಯಿತು. ಅಲ್ಟ್ರಾಸೌಂಡಿನಲ್ಲಿ ಸಂಶಯ ಉಳಿದರೆ ಸಿ.ಟಿ. ಅಥವಾ ಎಂ.ಆರ್.ಐ. ಮಾಡಿ ಈ ವರ್ಗ ನಿರ್ಧರಿಸುತ್ತಾರೆ. 1 ಮತ್ತು 2ನೆಯ ವರ್ಗ ನಿರಪಾಯ. '2 ಎಫ್' ಎಂದಿದ್ದರೆ ಕಾಲಕಾಲಕ್ಕೆ ಮತ್ತೆ ಸ್ಕ್ಯಾನ್ ಮಾಡಿಸಿ ಗಮನಿಸಬೇಕು. 3ನೆಯದರಲ್ಲಿ ಸರಿಸುಮಾರು ಅರ್ಧದಷ್ಟು, 4ರಲ್ಲಿ ಬಹುಪಾಲು ಕ್ಯಾನ್ಸರ್ ಆಗಿರುತ್ತವೆ. ಇಷ್ಟನ್ನು ಹೇಳಲು ಎಷ್ಟು ಹೊತ್ತು ಬೇಕು?

"ರೋಗಿಗಳ ಸಾಲು ಬಾಗಿಲಾಚೆಗಿದೆ, ವಿವರಿಸಲು ವೇಳೆಯೆಲ್ಲಿ?" ಎನ್ನುವವರಿದ್ದಾರೆ. ಭ್ರೂಣಲಿಂಗ ಪತ್ತೆ ಮಾಡುವುದಿಲ್ಲವೆಂದು ಪ್ರತಿ ಸ್ಕ್ಯಾನಿಂಗ್ ಕೇಂದ್ರದ ಗೋಡೆಯ ಮೇಲೂ ಕನ್ನಡದಲ್ಲಿ ಬರೆದಿರುತ್ತದೆ, ಕಾನೂನು ಬರೆಯಿಸಿದೆ. ಗೋಡೆಗೆ ಬರುವ ಕನ್ನಡ ವರದಿಗೆ ಬಾರದೇ? 'ಇದು ಸರಳ ಗುಳ್ಳೆ, ಭಯ ಬೇಡ' ಎಂಬ ಒಂದು ಸಾಲು ಸಾಕು.

ನಮ್ಮ ತಪ್ಪೂ ಇದೆ. ಕಲ್ಲಿಗೂ ಗುಳ್ಳೆಗೂ ವ್ಯತ್ಯಾಸ ತಿಳಿಯದೆ ಬಾಳೆದಿಂಡಿನ ರಸ ಕುಡಿಯುತ್ತೇವೆ. ಗುಳ್ಳೆ ಕರಗಿಸುತ್ತೇನೆಂದು ಪುಡಿ ಮಾರುವವನ ಮುಂದೆ ಸಾಲು ನಿಲ್ಲುತ್ತೇವೆ. ಸರಳ ಗುಳ್ಳೆಯನ್ನು ಕರಗಿಸುವ ಔಷಧವೇ ಇಲ್ಲ.

ಹಾಗೆಂದು ವರದಿಯನ್ನು ಅಟ್ಟಕ್ಕೆ ಎಸೆಯಬೇಡಿ. ಮೂತ್ರದಲ್ಲಿ ರಕ್ತ, ಜ್ವರದೊಡನೆ ಪಕ್ಕೆನೋವು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಎರಡೂ ಮೂತ್ರಪಿಂಡಗಳಲ್ಲಿ ಹತ್ತಾರು ಗುಳ್ಳೆಗಳಿದ್ದು, ಮನೆತನದಲ್ಲಿ ಕಿಡ್ನಿ ವೈಫಲ್ಯವಿದ್ದರೆ ಅದು ಆನುವಂಶಿಕ ಪಾಲಿಸಿಸ್ಟಿಕ್ ಕಾಯಿಲೆಯಿರಬಹುದು. ಅದು ಬೇರೆಯೇ ವಿಷಯ. ಸಾಮಾನ್ಯವಾಗಿ ಕಾಣುವ ಬಗೆಯಲ್ಲಿ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ರಕ್ತದೊತ್ತಡವನ್ನು ನೋಡಿಸಿಕೊಳ್ಳುತ್ತಿರಬೇಕು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರದ ನೆಫ್ರೋ-ಯುರಾಲಜಿ ಸಂಸ್ಥೆಯೇ ಇದೆ.

ನಾನು ವೈದ್ಯನಲ್ಲ, ಅವನನ್ನು ತಜ್ಞರ ಬಳಿಗೆ ಕಳುಹಿಸಿದೆ. ಐದು ನಿಮಿಷದಲ್ಲಿ "ಏನೂ ಬೇಡ, ಹೋಗಿ ಮಗಳ ಮದುವೆ ಮಾಡಿ" ಎಂದರಂತೆ. ಆ ಐದು ನಿಮಿಷ ಮೊದಲ ದಿನವೇ ಸಿಗಬೇಕಿತ್ತು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿರುವ ನನ್ನ ವಿದ್ಯಾರ್ಥಿಗಳೇ, ಬಂಧುಗಳೇ, ವರದಿ ಕೈಗೆ ಬಂದರೆ ಕೇಳಿ: ಇದು ಸರಳವೇ? ಅಲ್ಲವಾದರೆ ಯಾವ ವರ್ಗ? ಮತ್ತೆ ಯಾವಾಗ ನೋಡಬೇಕು? ತರಗತಿಯಲ್ಲಿ ಪ್ರಶ್ನೆ ಕೇಳದೆ ತಲೆತಗ್ಗಿಸಿ ಕುಳಿತಿರಿ, ಕ್ಷಮಿಸಿದ್ದೇನೆ. ಇಲ್ಲಿ ಮಾತ್ರ ಕೈ ಎತ್ತಿ.